ಎಳನೀರು ಹೇರುವ ಸೈಕಲ್‌ಗೆ ಯಾವ ಟೈರು?

ಪ್ರಶ್ನೆ (ಮಂಡ್ಯ): ಅಣ್ಣಾ, ನಮ್ಮಪ್ಪ ತೋಟದಿಂದ ನೂರಡಿ ರಸ್ತೆಗೆ ಹಳೇ 28 ಇಂಚಿನ ಸೈಕಲ್‌ನಲ್ಲಿ ಎಳನೀರು ತರುತ್ತಾರೆ. ಒಂದು ಸಲಕ್ಕೆ 40 ಕಾಯಿ, ಹತ್ತಿರ ಹತ್ತಿರ 80 ಕೆಜಿ. ಈ ತಿಂಗಳು ಹಿಂದಿನ ಚಕ್ರ ಮೂರು ಸಲ ಪಂಕ್ಚರ್. ಮೊಳೆ ಏನೂ ಸಿಗಲಿಲ್ಲ, ಟ್ಯೂಬಿನಲ್ಲಿ ಪಕ್ಕಪಕ್ಕ ಎರಡು ಸೀಳು ಅಷ್ಟೇ. ದಪ್ಪ ಬಟನ್ ಟೈರು (ಮೇಲೆಲ್ಲಾ ಉಬ್ಬು ಉಬ್ಬು ಇರುತ್ತಲ್ಲ, ಅದು) ಹಾಕಿಸಿದರೆ ಸರಿಹೋಗುತ್ತಾ?

ಉತ್ತರ (ಸೈಕಲ್ ಮೆಕ್ಯಾನಿಕ್, ಮೈಸೂರು): ಪಕ್ಕಪಕ್ಕ ಎರಡು ಸೀಳು ಅಂದರೆ ಗಾಳಿ ಕಮ್ಮಿ ಅಂತ ಅರ್ಥ. ಗುಂಡಿಗೆ ಇಳಿದಾಗ ಟೈರು ಪೂರ್ತಿ ಅಮುಕಿಕೊಂಡು, ಟ್ಯೂಬು ರಿಮ್ಮಿನ ಎರಡೂ ಅಂಚಿಗೆ ಸಿಕ್ಕಿ ಸೀಳುತ್ತೆ. ಬಟನ್ನಿಂದ ಏನೂ ಆಗಲ್ಲ. ಸುಮ್ನೆ ತುಳಿಯೋಕೆ ಭಾರ.

ಅಪ್ಪ 60 ಕೆಜಿ, ಸೈಕಲ್ 20 ಅಂತಿಟ್ಟುಕೊಳ್ಳಿ. ಕಾಯಿ ಸೇರಿ 160. ಕ್ಯಾರಿಯರ್ ಮೇಲಿನ ಭಾರ ಹೆಚ್ಚುಕಮ್ಮಿ ಪೂರ್ತಿ ಹಿಂದಕ್ಕೇ ಬೀಳೋದು. ಅಂದರೆ ಒಂದೇ ಟೈರಿನ ಮೇಲೆ 120 ಕೆಜಿ ದಾಟುತ್ತೆ!

ಹೊಸ ಟೈರು ತರುವಾಗ ಹಳೇದರ ಪಕ್ಕದಲ್ಲಿ ಏನು ಅಚ್ಚಾಗಿದೆ ಓದಿಕೊಂಡು ಹೋಗಿ. 28 x 1½ ಅಂತ ಇರುತ್ತೆ, ಜೊತೆಗೆ 40-635 ಅಂತಲೂ ಇರಬಹುದು. 40 ಅಗಲ, 635 ರಿಮ್ಮಿನ ಅಳತೆ, ಎರಡೂ ಮಿಲಿಮೀಟರ್ ಲೆಕ್ಕ. ಈ 635 ಮಾತ್ರ ಒಂದಿಷ್ಟೂ ಬದಲಾಗಬಾರದು. 700 x 38 ಟೈರು ನೋಡೋಕೆ ಹಾಗೇ ಇರುತ್ತೆ, ಅದು 622. ಕೂರಲ್ಲ. ಎಷ್ಟು ಭಾರ ತಡೆಯುತ್ತೆ ಅಂತ ಕೆಲವು ಟೈರಿನ ಮೇಲೆ ಬರೆದಿರುತ್ತಾರೆ. ಇದ್ದರೆ ಅಂಥದ್ದೇ ಆರಿಸಿ. ಪಕ್ಕದ ಗೋಡೆ ಬೆರಳಲ್ಲಿ ಒತ್ತಿ ನೋಡಿ. ತೆಳ್ಳಗೆ ಮಡಚಿಕೊಂಡರೆ ಬೇಡ.

ಪ್ರಶ್ನೆ: ಬೇಸಿಗೆಯಲ್ಲಿ ಗಾಳಿ ಜಾಸ್ತಿ ಇದ್ದರೆ ಒಡೆಯುತ್ತೆ ಅಂತ ಅಪ್ಪ ಅರ್ಧಂಬರ್ಧ ಹೊಡೆಸ್ತಾರೆ. ಅದೇ ತಪ್ಪಾ?

ಉತ್ತರ: ಅದೇ! ಗಾಳಿ ಕಮ್ಮಿ ಇದ್ದು ಭಾರ ಜಾಸ್ತಿ ಆದರೆ ಪಕ್ಕದ ಗೋಡೆ ಸುತ್ತು ಸುತ್ತಿಗೂ ಮಡಚಿ ಬಿಸಿಯಾಗುತ್ತೆ, ಟೈರಿನ ಒಳಗಿನ ದಾರ ಹರಿಯುತ್ತೆ. ಟೈರಿನ ಮೇಲೆ ಬರೆದಿರುವಷ್ಟು ಗಾಳಿ ಹಿಂದಿನ ಚಕ್ರಕ್ಕೆ ಹೊಡೆಸಿ, ಮೀಟರ್ ಇಟ್ಟು ನೋಡಿ. ಹೆಬ್ಬೆರಳ ಒತ್ತು ನಂಬಬೇಡಿ. ವಾರಕ್ಕೊಮ್ಮೆ ಮತ್ತೆ ನೋಡಬೇಕು, ಸುಮ್ಮನೆ ನಿಂತಿದ್ದರೂ ಟ್ಯೂಬಿಂದ ಗಾಳಿ ಇಳಿಯುತ್ತೆ.

ಬಿಚ್ಚಿದ ಹಳೇ ಟೈರನ್ನು ಮುಂದಕ್ಕೆ ಹಾಕಿಸೋ ಆಸೆ ಬೇಡ. ಹಿಂದಿನದು ಒಡೆದರೆ ಇಳಿದು ತಳ್ಳಬಹುದು, ಮುಂದಿನದು ಒಡೆದರೆ ಹ್ಯಾಂಡಲ್ಲೇ ಕೈಗೆ ಸಿಗಲ್ಲ. ಇನ್ನೊಂದು ಮಾತು: 40 ಕಾಯಿಯನ್ನ ಎರಡು ಸಲ ಮಾಡಿ ತಂದರೆ ನಿಮ್ಮಪ್ಪನ ಮಂಡಿಗೂ ಒಳ್ಳೇದು, ಅಲ್ವಾ?

ಪ್ರಶ್ನೆ: ಹೇಳಿ ನೋಡ್ತೀನಿ, ಕೇಳೋದು ಡೌಟು 😄

ಉತ್ತರ: ಹಾಗಾದರೆ ಟೈರು ಬಿಚ್ಚಿದಾಗ ಹಿಂದಿನ ಚಕ್ರದ ಕಡ್ಡಿಗಳನ್ನೂ ಒಂದೊಂದಾಗಿ ಮೀಟಿ ನೋಡಿ. ಬಿಗಿ ಇದ್ದರೆ ಟಣ್ ಅನ್ನುತ್ತೆ. ಸಡಿಲ ಆಗಿದ್ದರೆ ಟಪ್.