ವಾಲ್ವ್ ರೇಡಿಯೊ ರಿಪೇರಿ: ಹಳೇ ಕಂಡೆನ್ಸರ್ ಬದಲಿಸಬೇಕಾ, ಹಾಗೇ ಬಿಡಬೇಕಾ?

ಹಳೇಡಯಲ್:
ಮರದ ಕ್ಯಾಬಿನೆಟ್ಟಿನ ಟೇಬಲ್ ರೇಡಿಯೊ ಸೆಟ್. ವಾಲ್ವ್‌ಗಳು ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಝಡ್80. ಮೇಣ ಹಚ್ಚಿದ ಪೇಪರ್ ಕಂಡೆನ್ಸರ್‌ಗಳೆಲ್ಲ (ಕೆಪಾಸಿಟರ್) ಕಾರ್ಖಾನೆಯವೇ. ಬದಲಿಸಿದರೆ ಅಸಲಿತನ ಹೋಯ್ತು ಅಂತಾರೆ, ಬಿಟ್ಟರೆ ಸುಟ್ಟೋಗುತ್ತೆ ಅಂತಾರೆ. ಯಾವುದನ್ನು ಮುಟ್ಟಲಿ, ಯಾವುದನ್ನು ಬಿಡಲಿ? ಫೋನಿನ ಹಾಡೂ ಇದರಲ್ಲೇ ಕೇಳಬೇಕು ಅಂತ ಮನೆಯವರ ಆಸೆ.

ಸೋಲ್ಡರ್_ಕಡ್ಡಿ:
ಸದ್ಯಕ್ಕೆ ಪ್ಲಗ್ ಹಾಕಬೇಡಿ ಸರ್. ಇಬಿಸಿ81ರ ಆನೋಡಿನಿಂದ (ಪಾಸಿಟಿವ್ ತುದಿ) ಸ್ಪೀಕರ್ ನಡೆಸುವ ಇಎಲ್84ರ ಗ್ರಿಡ್ಡಿಗೆ (ಕರೆಂಟನ್ನು ಹಿಡಿತದಲ್ಲಿಡುವ ತುದಿ, 2ನೇ ಪಿನ್) ಹೋಗುವ, ಡಿಸಿ ತಡೆದು ಧ್ವನಿ ಸಿಗ್ನಲ್ ಮಾತ್ರ ಬಿಡುವ ಕಪ್ಲಿಂಗ್ ಕಂಡೆನ್ಸರನ್ನು ಮೊದಲು ತೆಗೆಯಿರಿ. ಒಳಗಿನ ಕಾಗದ ತೇವ ಹೀರಿ ಡಿಸಿ ಸೋರಿದರೆ ಗ್ರಿಡ್ ಪಾಸಿಟಿವ್ ಆಗುತ್ತೆ, ವಾಲ್ವ್ ಮಿತಿಮೀರಿ ಕರೆಂಟ್ ಎಳೆದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುಡುತ್ತೆ. ಕಂಡೆನ್ಸರ್ ಅಂಗಡಿಯಲ್ಲಿ ಸಿಗುತ್ತೆ, ಆ ಟ್ರಾನ್ಸ್‌ಫಾರ್ಮರ್ ಸಿಗಲ್ಲ. 0.01 ಮೈಕ್ರೊಫ್ಯಾರಡ್, 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ.

ಆಮೇಲೆ 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಮೇನ್ಸ್ ವೈರಿಗೆ ಸೀರೀಸ್‌ನಲ್ಲಿ ಇಟ್ಟು ಚಾಲೂ ಮಾಡಿ. ಎಲ್ಇಡಿ ಬಲ್ಬ್ ಈ ಕೆಲಸಕ್ಕೆ ಬರಲ್ಲ. ಒಮ್ಮೆ ಬೆಳಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ತೆಗೆದ ಮೇಲೆ ಇಎಲ್84ರ 3ನೇ ಪಿನ್ (ಕ್ಯಾಥೋಡ್) ವೋಲ್ಟೇಜ್ ಅಳೆಯಿರಿ. ಅಲ್ಲಿ 135 ಓಮ್ ರೆಸಿಸ್ಟರ್ ಇದ್ದರೆ 7 ವೋಲ್ಟ್ ಆಸುಪಾಸು ಬರಬೇಕು. 10 ದಾಟಿದರೆ ತಕ್ಷಣ ಆರಿಸಿ.

ಮೇಣದಬತ್ತಿ:
ಮೇಲಿನ ಮಾತು ಒಪ್ಪುತ್ತೇನೆ. ಆದರೆ ಹಳೇ ಕಂಡೆನ್ಸರನ್ನು ಕಸಕ್ಕೆ ಹಾಕಬೇಡಿ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಮೇಣ ಕರಗಿ ಒಳಗಿನ ಸುರುಳಿ ಹೊರಬರುತ್ತೆ. ಖಾಲಿ ಕೊಳವೆಯೊಳಗೆ ಹೊಸದನ್ನು ತೂರಿಸಿ, ಎರಡೂ ತುದಿಗೆ ಅದೇ ಮೇಣ ಸುರಿದರೆ ಕೆಳಗಿನಿಂದ ನೋಡಿದವರಿಗೂ ಗೊತ್ತಾಗಲ್ಲ.

ಶಾಸಿ (ಲೋಹದ ತಳಹದಿ) ಮೇಲಿನ ಅಲ್ಯೂಮಿನಿಯಂ ಡಬ್ಬಿ ಕಂಡೆನ್ಸರನ್ನು (50+50 ಮೈಕ್ರೊಫ್ಯಾರಡ್) ಅಲ್ಲೇ ಬಿಟ್ಟು, ಅದರ ವೈರ್ ಮಾತ್ರ ಬಿಚ್ಚಿ. ಹೊಸ 47 ಮೈಕ್ರೊಫ್ಯಾರಡ್, 450 ವೋಲ್ಟಿನ ಎರಡನ್ನು ಕೆಳಗೆ ಟ್ಯಾಗ್ ಸ್ಟ್ರಿಪ್ಪಿನಲ್ಲಿ (ಬೆಸುಗೆ ಹಾಕುವ ಪಟ್ಟಿ) ಕೂರಿಸಿ. ಹಳೆಯದಕ್ಕೆ ಪ್ಯಾರಲಲ್ ಕೊಟ್ಟರೆ ಅದರ ಸೋರಿಕೆ ಹಾಗೇ ಉಳಿದು ಡಬ್ಬಿ ಬಿಸಿಯಾಗುತ್ತೆ. ಹಮ್ (ಗುಂಯ್ ಸದ್ದು) ಹೋಗಲಿ ಅಂತ 220 ಮೈಕ್ರೊಫ್ಯಾರಡ್ ಹಾಕೋರಿದ್ದಾರೆ, ಅದು ತಪ್ಪು: ಎಸಿಯನ್ನು ಡಿಸಿ ಮಾಡುವ ಇಝಡ್80ರ ಮುಂದೆ 50 ದಾಟಬಾರದು.

ಮೈಕಾ ಕಂಡೆನ್ಸರ್ ಮುಟ್ಟಬೇಡಿ. ಐಎಫ್ ಕಾಯಿಲಿನ (ಸ್ಟೇಶನ್ ಸಿಗ್ನಲ್ ಬೇರ್ಪಡಿಸುವ ಸುರುಳಿ) ಒಳಗಿನ ಕೋರನ್ನಂತೂ ಸ್ಕ್ರೂಡ್ರೈವರಿನಿಂದ ತಿರುಗಿಸಲೇಬೇಡಿ, ಫೆರೈಟ್ ಒಡೆದರೆ ಮುಗೀತು.

ಶಾರ್ಟ್‌ವೇವ್:
ಫೋನಿಗೆ ತೂತು ಕೊರೆಯಬೇಕಿಲ್ಲ. ಹಿಂದೆ ಗ್ರಾಮಫೋನ್ ಪಿಕಪ್ ಸಾಕೆಟ್ ಇದ್ದರೆ, ಎಡ-ಬಲ ಎರಡಕ್ಕೂ ಒಂದೊಂದು 1 ಕಿಲೋಓಮ್ ಇಟ್ಟು, ಸೇರಿಸಿ ಅಲ್ಲಿಗೆ ಕೊಡಿ. ಬ್ಲೂಟೂತ್ ಮಾಡ್ಯೂಲ್ ಬ್ಯಾಟರಿಯದ್ದಾಗಿರಲಿ. ಚಾರ್ಜರ್ ಪಕ್ಕದಲ್ಲಿದ್ದರೆ ಮೀಡಿಯಂ ವೇವ್ ತುಂಬ ಗರಗರ.

ನಿಮ್ಮದು ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ ಆದ್ದರಿಂದ ಈ ಮಾತು. ಯುಸಿಎಚ್81, ಯುವೈ85 ಇರುವ ಎಸಿ-ಡಿಸಿ ಸೆಟ್ಟಿನಲ್ಲಿ ಶಾಸಿಯೇ ಮೇನ್ಸಿಗೆ ನೇರ ಸೇರಿರುತ್ತೆ. ಅದಕ್ಕೆ ಫೋನೂ ಬೇಡ, ಅರ್ತೂ ಬೇಡ. ನಾಬಿನ ಸ್ಕ್ರೂ ಮೇಲೆ ಮೇಣ ತುಂಬಿರುವುದು ಕೂಡ ಬೆರಳು ತಾಗದಿರಲಿ ಅಂತಲೇ.

ಹಳೇಡಯಲ್:
ಕಪ್ಲಿಂಗ್ ಬದಲಿಸಿದೆ. ಆದರೂ ಗ್ರಿಡ್ಡಿನಲ್ಲಿ +2 ವೋಲ್ಟ್ ತೋರಿಸ್ತಿದೆ.

ಸೋಲ್ಡರ್_ಕಡ್ಡಿ:
ಆರಿಸಿ ಗ್ರಿಡ್ ಲೀಕ್ ರೆಸಿಸ್ಟರ್ (ಗ್ರಿಡ್ಡಿನಿಂದ ಶಾಸಿಗೆ ಹೋಗುವುದು) ಅಳೆಯಿರಿ. 1 ಮೆಗಾಓಮ್ ಮೀರಿದ್ದರೆ ಬದಲಿಸಿ. ಅದು ಸರಿಯಿದ್ದರೆ ವಾಲ್ವಿನೊಳಗೆ ಗ್ಯಾಸ್ ಸೇರಿರಬಹುದು, ಬೇರೆ ಇಎಲ್84 ಹಾಕಿ ನೋಡಿ.