ಎಲ್ಲರಿಗಿಂತ ಒಂದು ಓಟು ಜಾಸ್ತಿ ಬಿದ್ದರೆ ಗೆದ್ದ ಹಾಗಾ? ಈ ಪದ್ಧತಿ ಬದಲಿಸಬಾರದಾ?

ಉಣಕಲ್_ವಾಕರ್
ಉಣಕಲ್ ಕೆರೆ ಸುತ್ತ ಬೆಳಿಗ್ಗೆ ನಾಲ್ಕು ಮಂದಿ ವಾಕಿಂಗ್ ಹೋಗುತ್ತೇವೆ. ಮೊನ್ನೆ ಎಲೆಕ್ಷನ್ ಮಾತು ಬಂತು, ಚಹಾ ಆರಿ ಹೋಗುವವರೆಗೂ ಜಗಳ. ನನ್ನ ತಕರಾರು ಇಷ್ಟೇ. 2018ರ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿಗೆ ಬಿದ್ದದ್ದು ನೂರಕ್ಕೆ ಸುಮಾರು 36 ಓಟು, ಸೀಟು 104. 2023ರಲ್ಲಿ ಬಿದ್ದದ್ದೂ ಸುಮಾರು 36, ಸೀಟು ಮಾತ್ರ 66. ಓಟಿನ ಪಾಲು ಅಷ್ಟೇ ಇರುವಾಗ 38 ಸೀಟು ಎಲ್ಲಿಗೆ ಹೋದವು? ಇದು ಒಂದೇ ಪಕ್ಷದ ಗೋಳಲ್ಲ. 2018ರಲ್ಲೇ ಕಾಂಗ್ರೆಸ್ಸಿಗೆ 38 ಬಿದ್ದಿತ್ತು, ಅಂದರೆ ಬಿಜೆಪಿಗಿಂತ ಜಾಸ್ತಿ, ಆದರೆ ಎಣಿಕೆ ದಿನ ಸಿಕ್ಕಿದ್ದು 78 ಸೀಟು. ಗೆಳೆಯರು ಹೇಳುವುದು: ಬೇರೆ ಪದ್ಧತಿ ನಮ್ಮ ಮಂದಿಗೆ ತಿಳಿಯೋದಿಲ್ಲ, ಸುಮ್ನೆ ಇರು. ನಿಜಾನಾ?

ಸೀಮೆಸುಣ್ಣ_ಗದಗ
ತಿಳಿಯೋದಿಲ್ಲ ಅಂದವರು ಯಾರು? ನಾನು ನಿವೃತ್ತ ಮಾಸ್ತರ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ, ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ಎಷ್ಟೋ ವರ್ಷ ಬೇರೆ ಪದ್ಧತಿಯಲ್ಲೇ ಓಟು ಹಾಕಿದ್ದೇನೆ. ಬಸವರಾಜ ಹೊರಟ್ಟಿಯವರು 1980ರಿಂದ ಗೆದ್ದು ಬಂದಿರುವುದು ಇದೇ ಕ್ಷೇತ್ರದಿಂದ. ಅಲ್ಲಿ ಮಷಿನ್ ಇಲ್ಲ, ಸೀಲೂ ಇಲ್ಲ. ಕಾಗದದ ಮೇಲೆ ಅವರೇ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ 1, 2, 3 ಅಂತ ಬರೆಯಬೇಕು. ಕನ್ನಡದ ಅಂಕಿಯೂ ನಡೆಯುತ್ತದೆ, 'ಒಂದು' ಅಂತ ಅಕ್ಷರದಲ್ಲಿ ಬರೆದರೆ ನಡೆಯೋದಿಲ್ಲ. ಮೊದಲ ಪ್ರಾಶಸ್ತ್ಯದಲ್ಲೇ ಯಾರಾದರೂ ಅರ್ಧ ದಾಟಿದರೆ ಮುಗಿಯಿತು. ದಾಟದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಯಾರಿಗಿದೆಯೋ ಅವರಿಗೆ ಹಂಚುತ್ತಾ ಹೋಗುತ್ತಾರೆ. ಕಷ್ಟವೇನಿಲ್ಲ. ಆದರೂ ಒಮ್ಮೆ ನಮ್ಮ ಗಣಿತದ ಮಾಸ್ತರರು ಹೊರಗೆ ಬಂದು 'ರೈಟ್ ಹಾಕಿ ಬಂದೆ' ಅಂದರು. ಓಟು ಅಸಿಂಧು. ಮೂವತ್ತು ವರ್ಷ ಪೇಪರ್ ತಿದ್ದಿದ ಕೈ ನೋಡಿ, ತಾನಾಗಿಯೇ ರೈಟ್ ಹಾಕಿಬಿಟ್ಟಿದೆ.

ಬ್ಯಾಡಗಿ_ಕಡ್ಡಿ
ಈ 1-2-3 ಪದ್ಧತಿ 2013ರಲ್ಲಿ ಇದ್ದಿದ್ದರೆ ನಮ್ಮ ಹಾವೇರಿ ಜಿಲ್ಲೆಯ ಕಥೆಯೇ ಬೇರೆ ಆಗುತ್ತಿತ್ತೋ ಏನೋ. ಬಿಜೆಪಿ ಬಿಟ್ಟ ಯಡಿಯೂರಪ್ಪನವರು ತಮ್ಮದೇ ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಶುರು ಮಾಡಿದ್ದು ಹಾವೇರಿಯಲ್ಲೇ, 2012ರ ಡಿಸೆಂಬರಿನಲ್ಲಿ. ಮುಂದಿನ ಚುನಾವಣೆಯಲ್ಲಿ ಕೆಜೆಪಿಗೆ ನೂರಕ್ಕೆ ಹತ್ತರ ಹತ್ತಿರ ಓಟು, ಸೀಟು ಆರೇ ಆರು. ಬಿಜೆಪಿಗೆ ಸುಮಾರು 20, ಸೀಟು 40. ಮನೆ ಒಡೆಯಿತು, 36-37 ಓಟು ಪಡೆದ ಕಾಂಗ್ರೆಸ್ಸಿಗೆ 122 ಸೀಟು ಬಂತು. ಎರಡನೇ ಪ್ರಾಶಸ್ತ್ಯ ಇದ್ದಿದ್ದರೆ ಅಣ್ಣನಿಗೆ 1, ತಮ್ಮನಿಗೆ 2 ಅಂತ ಎಷ್ಟೋ ಜನ ಬರೆಯುತ್ತಿದ್ದರು ಅಲ್ವಾ?

ಆದರೆ ಪಕ್ಷಕ್ಕೆ ಬಿದ್ದ ಓಟಿನ ಪಾಲು ನೋಡಿ ಸೀಟು ಹಂಚಬೇಕು ಅಂದರೆ ನನಗೆ ನಗು ಬರುತ್ತದೆ. ಹಿರೇಕೆರೂರು ನೋಡಿ. 2018ರಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರು ಬಿಜೆಪಿಯ ಯು.ಬಿ. ಬಣಕಾರರನ್ನು 555 ಓಟಿನಿಂದ ಸೋಲಿಸಿದರು. 2023ರಲ್ಲಿ ಅದೇ ಇಬ್ಬರು, ಚಿಹ್ನೆ ಮಾತ್ರ ಅದಲುಬದಲು. ಪಾಟೀಲರು ಬಿಜೆಪಿ, ಬಣಕಾರರು ಕಾಂಗ್ರೆಸ್, ಗೆದ್ದವರು ಬಣಕಾರರು. ಇಲ್ಲಿ ಓಟು ಬಿದ್ದದ್ದು ಪಕ್ಷಕ್ಕಾ, ಮನುಷ್ಯನಿಗಾ?

ಮಿರ್ಚಿ_ಗಿರ್ಮಿಟ್
ನಾನು ವಿರೋಧ. ಓಟಿನ ಪ್ರಕಾರ ಸೀಟು ಹಂಚಿದರೆ ಯಾವಾಗಲೂ ಕಿಚಡಿ ಸರ್ಕಾರ. 2018ರ ಸಮ್ಮಿಶ್ರ ಸರ್ಕಾರ 14 ತಿಂಗಳಿಗೆ ಬಿತ್ತು, ಶಾಸಕರು ರೆಸಾರ್ಟಿನಲ್ಲಿ, ನಾವು ಟಿವಿ ಮುಂದೆ. ಇನ್ನೊಂದು, ನಳಕ್ಕೆ ನೀರು ಬರದಿದ್ದರೆ ಈಗ ನನ್ನ ಏರಿಯಾ ಎಂಎಲ್ಎ ಮನೆ ಮುಂದೆ ಕೊಡ ಹಿಡಿದು ನಿಲ್ಲಬಹುದು. ಹಾಗೆ ಹಂಚುವಾಗ ಪಕ್ಷ ಕೊಟ್ಟ ಹೆಸರಿನ ಪಟ್ಟಿಯಿಂದ ಬಂದವನ ಮನೆ ಎಲ್ಲಿ ಅಂತ ಹುಡುಕಲಿ?

ಸೀಮೆಸುಣ್ಣ_ಗದಗ
ಎರಡು ಬೇರೆ ಬೇರೆ ರೋಗಗಳನ್ನು ಕಲಸಬೇಡಿ. ಒಂದು ಕ್ಷೇತ್ರದಲ್ಲಿ ಅರ್ಧಕ್ಕಿಂತ ಕಡಿಮೆ ಜನಕ್ಕೆ ಬೇಕಾದವನು ಗೆಲ್ಲುವುದು ಮೊದಲನೆಯದು, ಅದಕ್ಕೆ 1-2-3 ಸಾಕು. ವಾಕರ್ ಹೇಳಿದ 36ಕ್ಕೆ 104, 36ಕ್ಕೆ 66 ಅನ್ನುವ ರೋಗಕ್ಕೆ ಆ ಔಷಧಿ ನಾಟೋದಿಲ್ಲ, ಅದಕ್ಕೆ ಪಟ್ಟಿಯೇ ಬೇಕು. ಆದರೆ ಪಟ್ಟಿ ಬಂದರೆ ಏರಿಯಾ ಎಂಎಲ್ಎ ಹೋಗಬೇಕು ಅಂತೇನಿಲ್ಲ. ನೇಪಾಳದ ಪ್ರತಿನಿಧಿ ಸಭೆಯಲ್ಲಿ 165 ಸೀಟು ಕ್ಷೇತ್ರದಿಂದ, 110 ಪಟ್ಟಿಯಿಂದ. ನ್ಯೂಜಿಲೆಂಡಿನಲ್ಲಿ 1978ರಲ್ಲೂ 1981ರಲ್ಲೂ ಜಾಸ್ತಿ ಓಟು ಬಂದ ಪಕ್ಷ ಸೋತಿತು, ನಮ್ಮ 2018ರ ಹಾಗೆಯೇ. ಜನ ಬೇಸತ್ತು 1993ರಲ್ಲಿ ಜನಮತಗಣನೆಯಲ್ಲಿ ಪದ್ಧತಿಯನ್ನೇ ಬದಲಿಸಿದರು. ಅಲ್ಲೂ ಕ್ಷೇತ್ರದ ಸಂಸದರು ಇದ್ದಾರೆ. ನಮ್ಮ ಕಾನೂನು ಆಯೋಗ ಕೂಡ 1999ರಲ್ಲೇ, ಇರುವ ಸೀಟು ಹಾಗೇ ಇರಲಿ, ಮೇಲೆ ಕಾಲು ಭಾಗ ಪಟ್ಟಿಯಿಂದ ಸೇರಿಸಿ ಅಂದಿತ್ತು. ಸಂವಿಧಾನ ಸಭೆಯಲ್ಲಿ ಈ ಚರ್ಚೆ ಬಂದಾಗ ಅಂಬೇಡ್ಕರ್ ಬೇಡ ಅಂದದ್ದಕ್ಕೆ ಒಂದು ಕಾರಣ ಆಗಿನ ಅನಕ್ಷರತೆ. ಮಿರ್ಚಿಯವರು ಹೇಳಿದ ಸ್ಥಿರ ಸರ್ಕಾರದ ಮಾತೂ ಅವರದೇ, ಅದನ್ನು ತಳ್ಳಿಹಾಕೋದಿಲ್ಲ. ಆದರೆ ಆ ರೆಸಾರ್ಟು ನಡೆದದ್ದು ಈಗಿನ ಪದ್ಧತಿಯಲ್ಲೇ ಅಲ್ವಾ?

ಬ್ಯಾಡಗಿ_ಕಡ್ಡಿ
ಸರಿ ಸರ್, ಪಟ್ಟಿ ಬರೆಯುವವರು ಯಾರು? ಈಗ ಟಿಕೆಟ್‌ಗೆ ದಿಲ್ಲಿಗೆ ಓಡುತ್ತಾರೆ, ಆಮೇಲೆ ಪಟ್ಟಿಯಲ್ಲಿ ಮೇಲಿನ ನಂಬರಿಗೆ ಓಡುತ್ತಾರೆ.

ಉಣಕಲ್_ವಾಕರ್
ಆ ಭಯ ನನಗೂ ಇದೆ. ಪಟ್ಟಿಯಲ್ಲಿ ಯಾರು ಮೇಲೆ ಅನ್ನುವುದನ್ನೂ ಓಟುದಾರರೇ ತೀರ್ಮಾನಿಸುವ ದೇಶಗಳಿವೆ, ಹಾಗಾದರೆ ಮಾತ್ರ ನಾನು ಒಪ್ಪುತ್ತೇನೆ. ಅದೂ ಅಲ್ಲದೆ ವಿಧಾನಸಭೆಗೆ ಪಟ್ಟಿ ತರಬೇಕು ಅಂದರೆ ಸಂವಿಧಾನ ತಿದ್ದಬೇಕು, ತಿದ್ದಬೇಕಾದವರು ಈಗಿನ ಪದ್ಧತಿಯಲ್ಲಿ ಗೆದ್ದು ಕೂತವರು. ಅದಕ್ಕೇ ನನಗನಿಸುವುದು, ಮೊದಲು ನಮ್ಮ ಹುಬ್ಬಳ್ಳಿ-ಧಾರವಾಡ ಪಾಲಿಕೆಯ 82 ವಾರ್ಡಿನಲ್ಲಿ 1-2-3 ಮಾಡಿ ನೋಡಬಹುದಲ್ಲ. ವಾರ್ಡ್ ಹಾಗೇ ಇರುತ್ತದೆ, ಕಾರ್ಪೊರೇಟರ್ ಮನೆಯೂ ಅಲ್ಲೇ ಇರುತ್ತದೆ.

ಮಿರ್ಚಿ_ಗಿರ್ಮಿಟ್
ಒಂದೇ ಗುಂಡಿ ಒತ್ತುವ ಮಷಿನ್ ಬಿಟ್ಟು ಮತ್ತೆ ಕಾಗದ ಎಣಿಸಬೇಕು, ರಾತ್ರಿಯಿಡೀ. ಆದರೂ ವಾರ್ಡಿಗೆ ಅಂದರೆ ನೋಡೋಣ, ಒಪ್ಪಿದೆ. ಆ ಗಣಿತದ ಮಾಸ್ತರರು ನಮ್ಮ ವಾರ್ಡಿನವರಲ್ಲ ತಾನೇ?