ಇದು ಯಾವ ಹೊಂಡ?

ಗುಂಪು: ನಮ್ಮ ಮನೆ ಮಂದಿ
ಭಾನುವಾರ ರಾತ್ರಿ

ಅಣ್ಣ: [62 ಫೋಟೋ]

ಅಣ್ಣ: ಚಿತ್ರದುರ್ಗದ ಕೋಟೆ. ಮಕ್ಕಳು ಫುಲ್ ಖುಷಿ.

ಹಿರಿಯೂರು ಚಿಕ್ಕಪ್ಪ: ಅಪ್ಪಾ, ನನ್ನ ಫೋನ್ ತುಂಬಿಹೋಯಿತು. ಒಂದೇ ಬಂಡೆ ಮುಂದೆ ಹನ್ನೊಂದು ಫೋಟೋ ಇವೆ. ಟೂರ್ ಫೋಟೋಗೆ ಬೇರೆ ಗುಂಪು ಮಾಡಿಕೊಳ್ಳಿ. ಇಲ್ಲಿ ಮದುವೆ, ಹಬ್ಬ, ಸಾವು-ನೋವಿನ ಸುದ್ದಿ ಇರಲಿ ಸಾಕು.

ಅತ್ತೆ: ನಾನೂ ನಾಲ್ಕು ನೋಡಿ ಬಿಟ್ಟೆ.

ಅತ್ತಿಗೆ: ಹಾಕದಿದ್ದರೆ ಹೋಗಿದ್ದು ಹೇಳಲೇ ಇಲ್ಲ ಅನ್ನುತ್ತೀರಿ. ಹಾಕಿದರೆ ಜಾಸ್ತಿ ಆಯಿತು ಅನ್ನುತ್ತೀರಿ. ಇನ್ನು ಮೇಲೆ ಹಾಕುವುದಿಲ್ಲ ಬಿಡಿ.

ನಾನು: ಅತ್ತಿಗೆ, ಬೇಜಾರು ಮಾಡಿಕೊಳ್ಳಬೇಡಿ. ಚಿಕ್ಕಪ್ಪ, ಬೇರೆ ಗುಂಪು ಬೇಡವೇ ಬೇಡ. ಇಲ್ಲಿ ಈಗ ಏನಾಯಿತು ಹೇಳುತ್ತೇನೆ. ಊಟ ಮುಗಿಸಿ ಅಜ್ಜಿ ಕನ್ನಡಕ ಹಾಕಿಕೊಂಡು ನನ್ನ ಪಕ್ಕ ಕೂತರು. ಎಲ್ಲ ಫೋಟೋನೂ ನೋಡಿದರು. ಮಕ್ಕಳನ್ನು ನೋಡಿ ನಕ್ಕರು. ನೀರಿನ ಫೋಟೋ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದರು. ದೊಡ್ಡದು ಮಾಡಿಸಿಕೊಂಡು, ‘ಇದು ಯಾವ ಹೊಂಡ? ಗೋಪಾಲಸ್ವಾಮಿದಾ, ಅಕ್ಕ-ತಂಗಿದಾ?’ ಅಂದರು. ನನಗೆ ಗೊತ್ತಾಗಲಿಲ್ಲ. ಕೆಳಗೆ ಒಂದಕ್ಷರ ಇಲ್ಲ.

ನಾನು: ಅಜ್ಜಿಗೆ ಅದು ಸುಮ್ನೆ ನೀರಲ್ಲ. ಅವರ ತವರು ಸಂತೆಹೊಂಡದ ಹತ್ತಿರ ಅಲ್ವಾ? ಕೋಟೆ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಆಮೇಲೆ ಊರೊಳಗಿನ ಸಂತೆಹೊಂಡ. ಬೆಟ್ಟದ ಮಳೆ ಹೊಂಡದಿಂದ ಹೊಂಡಕ್ಕೆ ಇಳಿದು ಊರು ಮುಟ್ಟುವ ಹಾಗೆ ಪಾಳೇಗಾರರ ಕಾಲದಲ್ಲೇ ಮಾಡಿಟ್ಟಿದ್ದಾರೆ. ಮೇಲೆ ನೀರೆಷ್ಟಿದೆ ಅಂತ ಹೇಳಿದರೆ ಸಾಕು, ಕೆಳಗೆ ಹೇಗಿರಬಹುದು ಅಂತ ಅಜ್ಜಿ ಇಲ್ಲಿ ಕೂತೇ ಹೇಳುತ್ತಾರೆ. ದಾವಣಗೆರೆಯಿಂದ ದುರ್ಗ ಸುಮಾರು 60 ಕಿಲೋಮೀಟರ್. ಆದರೆ ಆ ಮಂಡಿ ನೋವಿಟ್ಟುಕೊಂಡು ಕೋಟೆ ಹತ್ತುವುದು ಎಲ್ಲಿ? ಇನ್ನು ನಾವು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಣ್ಣ: ಹತ್ತುವಾಗ ಟೈಪ್ ಮಾಡುತ್ತಾ ನಿಂತರೆ ಮಕ್ಕಳನ್ನು ನೋಡುವವರು ಯಾರು? ಚಿಕ್ಕವನು ಓಬವ್ವನ ಕಿಂಡಿಯಲ್ಲಿ ನುಸುಳಿ ಆಚೆ ಹೋಗಿಬಿಟ್ಟಿದ್ದ. ಹುಡುಕಿಕೊಂಡು ಬರುವಷ್ಟರಲ್ಲಿ ಸಾಕಾಯಿತು.

ನಾನು: ನೋಡು, ಇದೇ ಬೇಕಿದ್ದದ್ದು! ಇಷ್ಟು ಫೋಟೋದಲ್ಲಿ ಈ ಸುದ್ದಿ ಎಲ್ಲೂ ಇಲ್ಲ. ಹತ್ತುವಾಗ ಬೇಡ ಅಣ್ಣ, ಬಸ್ಸಲ್ಲಿ ಕೂತ ಮೇಲೆ ಹೇಳು. ಬರೆಯುವುದಕ್ಕೆ ಆಗದಿದ್ದರೆ ವಾಯ್ಸ್ ಕಳಿಸು. ಚಿಕ್ಕಪ್ಪ, 2022ರಲ್ಲಿ ಮಾರಿಕಣಿವೆ ಡ್ಯಾಂ ತುಂಬಿ ಕೋಡಿ ಬಿದ್ದಾಗ ನೀವು ಕಳಿಸಿದ್ದು ನೆನಪಿದೆಯಾ? ಒಂದೇ ಫೋಟೋ, ಒಂದು ವಾಯ್ಸ್. ‘ಅವ್ವಾ, 1933ರಲ್ಲಿ ಬಿದ್ದ ಕೋಡಿ ಈಗ ಮತ್ತೆ ಬಿತ್ತು, ಕೇಳು’ ಅಂದು ಫೋನನ್ನು ನೀರಿನ ಕಡೆ ಹಿಡಿದಿದ್ದಿರಿ. 89 ವರ್ಷ! ಅಜ್ಜಿ ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದರು. ಪಕ್ಕದ ಮನೆಯವರನ್ನೂ ಕರೆದು ಕೇಳಿಸಿದರು.

ಹಿರಿಯೂರು ಚಿಕ್ಕಪ್ಪ: ಅದು ಬೇರೆ ಮಾತು. ಊರಿಗೆ ಊರೇ ನೋಡಲು ಬಂದಿತ್ತು. ಇವರು ಭಾನುವಾರ ಸುತ್ತಾಡಲು ಹೋಗಿದ್ದು.

ನಾನು: ಅಜ್ಜಿಗೆ ಎರಡೂ ಒಂದೇ ಚಿಕ್ಕಪ್ಪ. ಅದು ಮಗ ಹೇಳಿದ ಸುದ್ದಿ, ಇದು ಮೊಮ್ಮಗ ಹೇಳಬೇಕಾದ ಸುದ್ದಿ.

ಮಾವ: ನನ್ನದೊಂದು ಮಾತು. ಮನೆ ಸೇರಿದ ಮೇಲೆ ಹಾಕಿ. ಸ್ಟೇಟಸ್‌ಗಂತೂ ಬೇಡ. ಮನೆಗೆ ಬೀಗ ಹಾಕಿದೆ ಅಂತ ಕಂಡವರಿಗೆಲ್ಲ ಯಾಕೆ ಗೊತ್ತಾಗಬೇಕು?

ಅಣ್ಣ: ಅದು ಸರಿ ಮಾವ. ಸ್ಟೇಟಸ್ ತೆಗೆದೆ.

ಹಿರಿಯೂರು ಚಿಕ್ಕಪ್ಪ: ಆಯಿತು, ಇದೇ ಗುಂಪಿಗೆ ಹಾಕಿ. ಹತ್ತು ಫೋಟೋ, ಅದಕ್ಕಿಂತ ಜಾಸ್ತಿ ಬೇಡ. ಅವ್ವ ಮಲಗಿದಳಾ?

ನಾನು: ಇಲ್ಲ. ಇನ್ನೂ ಆ ಫೋಟೋನೇ ನೋಡುತ್ತಾ ಕೂತಿದ್ದಾರೆ.

ಅತ್ತಿಗೆ: [ವಾಯ್ಸ್ ಮೆಸೇಜ್, 48 ಸೆಕೆಂಡ್]

ನಾನು: ಕೇಳಿಸಿದೆ ಅತ್ತಿಗೆ. ಗೋಪಾಲಸ್ವಾಮಿ ಹೊಂಡ, ಮೇಲಿನ ನಾಲ್ಕು ಮೆಟ್ಟಿಲು ಬಿಟ್ಟರೆ ಉಳಿದಿದ್ದೆಲ್ಲ ನೀರೊಳಗೆ ಅಂದಿರಲ್ಲ, ಅಲ್ಲಿಗೆ ಕೈ ಮುಗಿದರು. ತಣ್ಣೀರುದೋಣಿಗೆ ಹೋಗಿದ್ದಿರಾ, ನೀರು ಮೊದಲಿನ ಹಾಗೇ ತಣ್ಣಗಿದೆಯಾ ಅಂತ ಕೇಳುತ್ತಿದ್ದಾರೆ.

ಅತ್ತಿಗೆ: ಹೋಗಿದ್ದೆವು ಅಜ್ಜಿ. ಚಿಕ್ಕವನು ಕೈ ಅದ್ದಿ ‘ಅಮ್ಮಾ, ಫ್ರಿಜ್ ನೀರು’ ಅಂದ. ಅಲ್ಲೊಂದು ಕಡೆ ಫೋಟೋ ತೆಗೆಯುವುದು ಮರೆತೇಹೋಯಿತು.